ಮರಳುಗಾಡಿಗೆ ನೀರು ತಂದ ಗಂಗಾ ಸಿಂಗ್: ನೀರೊಂದೇ ಸಾಕೇ?

ಮರಳುಗಾಡಿಗೆ ನೀರು ಹರಿಸಿದರೆ ಸಾಕು, ಮಣ್ಣು ತಾನಾಗಿಯೇ ಫಲವತ್ತಾಗುತ್ತದೆ ಎಂದು ಹಲವರು ನಂಬಿದ್ದಾರೆ. ಇದು ಅರ್ಧ ಸತ್ಯ.

ರಾಜಸ್ಥಾನದ ಬಿಕಾನೇರ್ ಮಹಾರಾಜ ಗಂಗಾ ಸಿಂಗ್ ಹುಟ್ಟಿದ್ದು 1880ರಲ್ಲಿ. 1898ರಲ್ಲಿ ಆಡಳಿತ ಕೈಗೆ ಬಂದಾಗ ಅವರಿಗೆ ಕೇವಲ 18 ವರ್ಷ. ಮರುವರ್ಷವೇ ಭೀಕರ ಬರ. ಜನ, ಜಾನುವಾರು ಸಾಯುವುದನ್ನು ಕಂಡ ಅವರು ಸಟ್ಲೆಜ್ ನದಿಯ ನೀರಿಗಾಗಿ ವರ್ಷಗಟ್ಟಲೆ ಪಟ್ಟು ಹಿಡಿದರು. 1920ರಲ್ಲಿ ಒಪ್ಪಂದವಾಯಿತು, 1927ರಲ್ಲಿ ಗಂಗ್ ಕಾಲುವೆಯಲ್ಲಿ ನೀರು ಹರಿಯಿತು. ನೀರು ಮರಳಿನಲ್ಲಿ ಇಂಗಿಹೋಗದಂತೆ ಕಾಲುವೆಯ ಒಳಮೈಗೆ ಸುಣ್ಣದ ಗಾರೆ ಹಾಕಿಸಿದ್ದರು. ಇಂದಿನ ಶ್ರೀಗಂಗಾನಗರದ ಸುತ್ತ ಗೋಧಿ, ಹತ್ತಿ ಬೆಳೆಯತೊಡಗಿತು. 1943ರಲ್ಲಿ ಅವರು ತೀರಿಕೊಂಡರು.

ಆದರೆ ಮಣ್ಣಿಗೆ ಕಸುವು ಕೊಡುವುದು ನೀರೊಂದೇ ಅಲ್ಲ. ಬೆಳೆ ಗಾಳಿಯಿಂದ ಇಂಗಾಲ ಹೀರುತ್ತದೆ. ಅದರ ಬೇರು, ಎಲೆ ಕೊಳೆತಾಗ ಒಂದಷ್ಟು ಭಾಗ ಸಾವಯವ ಇಂಗಾಲವಾಗಿ ಮಣ್ಣಿನಲ್ಲಿ ಉಳಿಯುತ್ತದೆ. ತೇವ, ಪೋಷಕಾಂಶ ಹಿಡಿದಿಡುವುದು ಇದೇ. ಮರಳಿನಲ್ಲಿ ಜೇಡಿಮಣ್ಣು ಕಡಿಮೆ, ಬಿಸಿಲೂ ಜಾಸ್ತಿ. ಹಾಗಾಗಿ ಇಂಗಾಲ ಬೇಗ ಮತ್ತೆ ಗಾಳಿ ಸೇರುತ್ತದೆ. ಕೂಳೆ ಸುಟ್ಟು, ಕೊಟ್ಟಿಗೆ ಗೊಬ್ಬರವನ್ನೂ ಹಾಕದಿದ್ದರೆ ಅದು ಉಳಿಯುವುದು ಕಷ್ಟ. ನೀರು ಅತಿಯಾದರೆ ಭೂಮಿ ಸವಳು-ಜವಳಾಗುತ್ತದೆ.

ಮಹಾರಾಜರು ನೀರು ತಂದುಕೊಟ್ಟರು. ಮಣ್ಣಿನಲ್ಲಿ ಇಂಗಾಲ ಉಳಿಸುವ ಕೆಲಸ ಮಾತ್ರ ಪ್ರತಿ ಬೆಳೆಯಲ್ಲೂ ರೈತರೇ ಮಾಡಬೇಕು.