ನಾಲ್ಕನೆಯ ಸಂಖ್ಯೆ ಕೊಟ್ಟ ವುಲ್ಫ್‌ಗ್ಯಾಂಗ್ ಪೌಲಿ

ಸೋಡಿಯಂ 2, 8, 1. ಕ್ಲೋರಿನ್ 2, 8, 7. ನಮ್ಮ ಶಾಲೆಯಲ್ಲಿ ಓದಿದವರೆಲ್ಲ ಈ ಎಲೆಕ್ಟ್ರಾನ್ ವಿನ್ಯಾಸಗಳನ್ನು ಬಾಯಿಪಾಠ ಮಾಡಿದವರೇ. ಮೊದಲ ಕವಚದಲ್ಲಿ ಎರಡೇ ಏಕೆ, ಎರಡನೆಯದರಲ್ಲಿ ಎಂಟೇ ಏಕೆ? ಇದಕ್ಕೆ ಉತ್ತರದ ಕೀಲಿ ಕೊಟ್ಟವರು ವುಲ್ಫ್‌ಗ್ಯಾಂಗ್ ಪೌಲಿ.

ಪೌಲಿ ಹುಟ್ಟಿದ್ದು 1900ರ ಏಪ್ರಿಲ್ 25ರಂದು, ಆಸ್ಟ್ರಿಯಾದ ವಿಯೆನ್ನಾದಲ್ಲಿ. ಜರ್ಮನಿಯ ಮ್ಯೂನಿಕ್‌ನಲ್ಲಿ ಸೊಮರ್‌ಫೆಲ್ಡ್ ಅವರ ಶಿಷ್ಯರಾಗಿ 21ನೇ ವಯಸ್ಸಿಗೇ ಡಾಕ್ಟರೇಟ್ ಪಡೆದರು. ಸಾಪೇಕ್ಷತಾ ಸಿದ್ಧಾಂತದ ಬಗ್ಗೆ ಅವರು ಬರೆದ ದೀರ್ಘ ಲೇಖನವನ್ನು ಸ್ವತಃ ಐನ್‌ಸ್ಟೈನ್ ಮೆಚ್ಚಿಕೊಂಡರು.

ಆಗ ಎಲೆಕ್ಟ್ರಾನಿನ ಸ್ಥಿತಿಯನ್ನು ಹೇಳಲು ಮೂರು ಕ್ವಾಂಟಮ್ ಸಂಖ್ಯೆಗಳಿದ್ದವು. ಇಂದಿನ ಮಾತಿನಲ್ಲಿ ಹೇಳುವುದಾದರೆ, ಒಂದು ಕವಚವನ್ನೂ ಇನ್ನೊಂದು ಕಕ್ಷಕದ ಆಕಾರವನ್ನೂ ಮೂರನೆಯದು ಅದರ ದಿಕ್ಕನ್ನೂ ತಿಳಿಸುತ್ತದೆ. ಕಕ್ಷಕವೆಂದರೆ ಎಲೆಕ್ಟ್ರಾನ್ ಸುತ್ತುವ ದಾರಿಯಲ್ಲ, ಅದು ಸಿಗುವ ಸಾಧ್ಯತೆ ಹೆಚ್ಚಿರುವ ಜಾಗ. ಆದರೆ ಈ ಮೂರರಿಂದ ಲೆಕ್ಕ ಕೂಡುತ್ತಿರಲಿಲ್ಲ. 1925ರಲ್ಲಿ ಪೌಲಿ, ಎರಡೇ ಬೆಲೆಗಳುಳ್ಳ ನಾಲ್ಕನೆಯ ಸಂಖ್ಯೆಯನ್ನು ಸೇರಿಸಿದರು. ಒಂದು ಪರಮಾಣುವಿನ ಯಾವ ಎರಡು ಎಲೆಕ್ಟ್ರಾನ್‌ಗಳಿಗೂ ನಾಲ್ಕೂ ಸಂಖ್ಯೆಗಳು ಒಂದೇ ಆಗಿರಲಾರವು ಎಂಬುದು ಅವರ ನಿಯಮ. ಹಾಗಾಗಿ ಒಂದು ಕಕ್ಷಕದಲ್ಲಿ ಎರಡು ಎಲೆಕ್ಟ್ರಾನ್‌ಗಳಿಗೆ ಮಾತ್ರ ಜಾಗ. ಮೊದಲ ಕವಚದಲ್ಲಿ ಕಕ್ಷಕ ಒಂದು, ಎಲೆಕ್ಟ್ರಾನ್ ಎರಡು. ಎರಡನೆಯದರಲ್ಲಿ ಕಕ್ಷಕ ನಾಲ್ಕು, ಎಲೆಕ್ಟ್ರಾನ್ ಎಂಟು. ಈ ನಿಯಮ ಇಲ್ಲದಿದ್ದರೆ ಎಲ್ಲ ಎಲೆಕ್ಟ್ರಾನ್‌ಗಳೂ ಮೊದಲ ಕವಚಕ್ಕೇ ಇಳಿಯುತ್ತಿದ್ದವು. ಸೋಡಿಯಂ, ಕ್ಲೋರಿನ್ ಸೇರಿ ನಾವು ತಿನ್ನುವ ಉಪ್ಪು ಆಗುತ್ತಲೇ ಇರಲಿಲ್ಲ.

ಅದೇ ವರ್ಷ ಕ್ರೋನಿಗ್ ಎಂಬ ತರುಣ, ಎಲೆಕ್ಟ್ರಾನ್ ಬುಗುರಿಯಂತೆ ತಿರುಗುವುದರಿಂದ ಈ ನಾಲ್ಕನೆಯ ಸಂಖ್ಯೆ ಬಂದಿರಬಹುದೆಂದು ಪೌಲಿಯವರಿಗೆ ಹೇಳಿದ. ಕಟುವಿಮರ್ಶೆಗೆ ಹೆಸರಾಗಿದ್ದ ಪೌಲಿ ಒಪ್ಪಲಿಲ್ಲ. ಕ್ರೋನಿಗ್ ಅದನ್ನು ಪ್ರಕಟಿಸಲಿಲ್ಲ. ಕೆಲವೇ ತಿಂಗಳಲ್ಲಿ ಉಲೆನ್‌ಬೆಕ್ ಮತ್ತು ಗೌಡ್‌ಸ್ಮಿಟ್ ಅದನ್ನೇ ಪ್ರಕಟಿಸಿ ಕೀರ್ತಿ ಪಡೆದರು. ಎಲೆಕ್ಟ್ರಾನ್ ನಿಜವಾದ ಬುಗುರಿಯಲ್ಲ, ಪೌಲಿಯವರ ಆಕ್ಷೇಪದಲ್ಲಿ ಹುರುಳಿತ್ತು. ಆದರೂ ಸ್ಪಿನ್ ಎಂಬ ಗುಣ ನಿಜವಾಗಿತ್ತು. ಪೌಲಿ ತಮ್ಮ ನಿಲುವು ಬದಲಿಸಿದರು. ಅಷ್ಟೇ ಅಲ್ಲ, 1927ರಲ್ಲಿ ಸ್ಪಿನ್‌ನ ಗಣಿತವನ್ನು ತಾವೇ ರೂಪಿಸಿಕೊಟ್ಟರು.

1930ರಲ್ಲಿ ಅವರು ಊಹಿಸಿದ, ಇಂದು ನ್ಯೂಟ್ರಿನೋ ಎನ್ನುವ ಕಣ 1956ರಲ್ಲಿ ಪತ್ತೆಯಾಯಿತು. 1945ರಲ್ಲಿ ನೊಬೆಲ್ ಬಂತು. 1958ರ ಡಿಸೆಂಬರ್ 15ರಂದು ಜ್ಯೂರಿಕ್‌ನಲ್ಲಿ ಅವರು ತೀರಿಕೊಂಡರು.

ನಮ್ಮ ಶಾಲೆಯ ಮಕ್ಕಳೇ, ದೊಡ್ಡವರು ತಲೆ ಅಲ್ಲಾಡಿಸಿದರೆಂದು ನಿಮ್ಮ ಆಲೋಚನೆಯನ್ನು ಮಡಚಿಡಬೇಡಿ, ಬರೆದಿಡಿ. ಗುರುಗಳಾದವರಿಗೆ ಪೌಲಿ ಇನ್ನೊಂದು ಪಾಠ ಬಿಟ್ಟುಹೋಗಿದ್ದಾರೆ: ಬೇಡವೆಂದ ವಿಚಾರ ಸರಿಯೆಂದು ತಿಳಿದ ಮೇಲೆ ಅದಕ್ಕಾಗಿ ದುಡಿಯುವುದೂ ವಿದ್ವತ್ತೇ.