ಡೆನಿಸ್ ರಿಚಿ ಮತ್ತು ನಮ್ಮ ಲ್ಯಾಬಿನ ಕಂಪ್ಯೂಟರ್

ಬಿಲ್ ಗೇಟ್ಸ್, ಸ್ಟೀವ್ ಜಾಬ್ಸ್ ಹೆಸರು ನಮಗೆಲ್ಲ ಗೊತ್ತು. ಡೆನಿಸ್ ರಿಚಿ ಮಾತ್ರ ಸಿ ಭಾಷೆಯನ್ನು ಕಂಡುಹಿಡಿದವರು ಯಾರು ಎಂಬ ಒಂದು ಅಂಕದ ಪ್ರಶ್ನೆಯಲ್ಲಿ ಬಂದು ಹೋಗುತ್ತಾರೆ. ಅವರ ಬಗ್ಗೆ ಹುಡುಕಿ ಓದುವ ಹಾಗೆ ನನ್ನನ್ನು ಮಾಡಿದ್ದು ಕೆಟ್ಟುನಿಂತ ಒಂದು ಲಿನಕ್ಸ್ ಕಂಪ್ಯೂಟರ್. ಅದರ ಮಾತು ಆಮೇಲೆ.

ರಿಚಿ ಹುಟ್ಟಿದ್ದು 1941ರ ಸೆಪ್ಟೆಂಬರ್ 9ರಂದು, ಅಮೆರಿಕದ ಬ್ರಾಂಕ್ಸ್‌ವಿಲ್‌ನಲ್ಲಿ. ತಂದೆ ಬೆಲ್ ಲ್ಯಾಬ್ಸ್‌ನಲ್ಲಿ ವಿಜ್ಞಾನಿ. ಮಗ ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ, ಅನ್ವಯಿಕ ಗಣಿತ ಓದಿ 1967ರಲ್ಲಿ ಅದೇ ಬೆಲ್ ಲ್ಯಾಬ್ಸ್ ಸೇರಿದರು. ಪಿಎಚ್.ಡಿ. ಪ್ರಬಂಧ ಬರೆದು ಮುಗಿಸಿದ್ದರೂ ಪದವಿ ಪಡೆಯಲಿಲ್ಲ!

ಬೆಲ್ ಲ್ಯಾಬ್ಸ್ ಆಗ ಮಲ್ಟಿಕ್ಸ್ ಎಂಬ ಭಾರೀ ಯೋಜನೆಯಲ್ಲಿ ಪಾಲುದಾರನಾಗಿತ್ತು. 1969ರಲ್ಲಿ ಅದರಿಂದ ಹೊರಬಂತು. ರಿಚಿಯವರ ಗೆಳೆಯ ಕೆನ್ ಥಾಂಪ್ಸನ್ ಹಳೆಯ ಪಿಡಿಪಿ-7 ಯಂತ್ರವೊಂದರ ಮೇಲೆ ಯೂನಿಕ್ಸ್ ಕಟ್ಟತೊಡಗಿದರು, ರಿಚಿ ಜೊತೆಯಾದರು. ಆದರೆ ಆ ಯಂತ್ರದಲ್ಲಿ ಪ್ರೋಗ್ರಾಂ ತಯಾರಿಸುವ ಅನುಕೂಲವೇ ಇರಲಿಲ್ಲ. ಬೇರೊಂದು ದೊಡ್ಡ ಕಂಪ್ಯೂಟರಿನಲ್ಲಿ ತಯಾರಿಸಿ, ತೂತು ಹೊಡೆದ ಕಾಗದದ ಪಟ್ಟಿಯಲ್ಲಿ ಹೊತ್ತು ತಂದು ಇದಕ್ಕೆ ಓದಿಸುತ್ತಿದ್ದರು. ಇದರಲ್ಲೇ ಓಡುವ ಅಸೆಂಬ್ಲರ್ ಬರೆದ ಮೇಲೆ ಯೂನಿಕ್ಸ್ ತನ್ನ ಕಾಲ ಮೇಲೆ ನಿಂತಿತು. ಥಾಂಪ್ಸನ್ನರ ಬಿ ಭಾಷೆಯನ್ನು ಬೆಳೆಸಿ ರಿಚಿ ಸಿ ಭಾಷೆ ಮಾಡಿದರು. 1973ರಲ್ಲಿ ಯೂನಿಕ್ಸ್‌ನ ತಿರುಳನ್ನೇ ಸಿ ಭಾಷೆಯಲ್ಲಿ ಮತ್ತೆ ಬರೆದರು. ಅಂದಿನಿಂದ ಆ ವ್ಯವಸ್ಥೆಗೆ ಸಿ ಕಂಪೈಲರೇ ಬೇರು.

ಬೇರು ಕೆಟ್ಟರೆ ಏನಾಗುತ್ತದೆಂದು ನಾನು ನೋಡಿದ್ದು ಜೇವರ್ಗಿಯ ನಮ್ಮ ಲ್ಯಾಬಿನಲ್ಲಿ. ಅಪ್‌ಡೇಟ್ ನಡೆಯುತ್ತಿರುವಾಗಲೇ ಕರೆಂಟ್ ಹೋಯಿತು. ಆಮೇಲೆ ನಮ್ಮ ಪ್ರಾಜೆಕ್ಟಿಗೆ ಬೇಕಾದ ಪ್ಯಾಕೇಜು ಬಿಲ್ಡ್ ಆಗಲೊಲ್ಲದು, ಪರದೆ ತುಂಬ ಎರರ್. ಫಾರ್ಮ್ಯಾಟ್ ಮಾಡಿಬಿಡಿ ಎಂದವರೇ ಹೆಚ್ಚು. ಅದರಲ್ಲಿ ನಮ್ಮ ತರಗತಿಯ ಅಷ್ಟೂ ಪ್ರಾಜೆಕ್ಟ್‌ಗಳಿದ್ದವು, ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಬಂದಿತ್ತು. ಕಲಬುರಗಿಯಲ್ಲಿ ಎಂಜಿನಿಯರಿಂಗ್ ಓದುವ ನನ್ನ ಭಾಯಿಜಾನ್ ಫೋನಿನಲ್ಲಿ ದಾರಿ ತೋರಿಸಿದರು. ಮೊದಲು ಪೆನ್‌ಡ್ರೈವಿನ ಲಿನಕ್ಸ್‌ನಿಂದ ಕಂಪ್ಯೂಟರ್ ಎಬ್ಬಿಸಿ ಎಲ್ಲರ ಫೈಲುಗಳನ್ನು ಬೇರೆಡೆ ನಕಲು ಮಾಡು. ಡಿಸ್ಕಿನ ಫೈಲ್ ವ್ಯವಸ್ಥೆ ಪರೀಕ್ಷಿಸು, ಜಾಗ ಇದೆಯೇ ನೋಡು. ಎರರ್‌ನ ಕೊನೆಯ ಸಾಲು ಬಿಡು, ಮೊದಲನೆಯದನ್ನು ಓದು. ದೊಡ್ಡ ಪ್ಯಾಕೇಜಿನ ತಂಟೆಗೆ ಈಗಲೇ ಹೋಗಬೇಡ, ನಾಲ್ಕು ಸಾಲಿನ ಸಿ ಪ್ರೋಗ್ರಾಂ ಕಂಪೈಲ್ ಮಾಡಿ ನೋಡು.

ಅದೂ ಆಗಲಿಲ್ಲ! ಸಿ ಲೈಬ್ರರಿಯ ಹೆಡರ್ ಫೈಲುಗಳು ಹೆಸರಿಗೆ ಇದ್ದವು, ಒಳಗೆ ಸೊನ್ನೆ ಬೈಟ್. ಪ್ಯಾಕೇಜ್ ಮ್ಯಾನೇಜರಿನ ಲೆಕ್ಕದಲ್ಲಿ ಮಾತ್ರ ಎಲ್ಲ ಸರಿಯಾಗಿಯೇ ಇತ್ತು. ಹಾಜರಿ ಪುಸ್ತಕದಲ್ಲಿ ಪ್ರೆಸೆಂಟ್, ಬೆಂಚಿನಲ್ಲಿ ಯಾರೂ ಇಲ್ಲ. ಪಕ್ಕದ ಕಂಪ್ಯೂಟರಿನಲ್ಲಿ ಅದೇ ಆವೃತ್ತಿಯ ಪ್ಯಾಕೇಜು ಇಳಿಸಿಕೊಂಡು, ಪೆನ್‌ಡ್ರೈವಿನಲ್ಲಿ ತಂದು ಮತ್ತೆ ಹಾಕಿದೆವು. ಚಿಕ್ಕ ಪ್ರೋಗ್ರಾಂ ಓಡಿತು. ಅರ್ಧಕ್ಕೆ ನಿಂತಿದ್ದ ಹಳೆಯ ಬಿಲ್ಡಿನ ಫೈಲುಗಳನ್ನು ಅಳಿಸಿ ಹೊಸದಾಗಿ ಶುರುಮಾಡಿದಾಗ ಪ್ಯಾಕೇಜೂ ಸಿದ್ಧವಾಯಿತು. ಆ ಕಾಗದದ ಪಟ್ಟಿಯ ಸಂಗತಿ ಓದಿದ್ದು ಇದಾದ ಮೇಲೆ. ನಮ್ಮ ಪೆನ್‌ಡ್ರೈವ್ ಮಾಡಿದ್ದೂ ಅದೇ ಕೆಲಸ ಎಂದು ಆಗ ಹೊಳೆಯಿತು.

1978ರಲ್ಲಿ ಬ್ರಯಾನ್ ಕರ್ನಿಗನ್ ಜೊತೆ ರಿಚಿ ಬರೆದ ಸಿ ಪುಸ್ತಕ ಇಂದಿಗೂ ಓದುತ್ತಾರೆ. 1983ರಲ್ಲಿ ಥಾಂಪ್ಸನ್ ಜೊತೆ ಟ್ಯೂರಿಂಗ್ ಪ್ರಶಸ್ತಿ ಬಂತು. 2007ರಲ್ಲಿ ನಿವೃತ್ತರಾದರು. 2011ರ ಅಕ್ಟೋಬರಿನಲ್ಲಿ, ಜಾಬ್ಸ್ ತೀರಿದ ಕೆಲವೇ ದಿನಗಳಲ್ಲಿ, ಒಂಟಿಯಾಗಿದ್ದ ಮನೆಯಲ್ಲಿ ರಿಚಿ ತೀರಿಕೊಂಡಿದ್ದು ತಿಳಿದುಬಂತು. ವಯಸ್ಸು 70. ಜಾಬ್ಸ್‌ಗೆ ಸಿಕ್ಕಷ್ಟು ಸುದ್ದಿ ಇವರಿಗೆ ಸಿಗಲಿಲ್ಲ, ಅದು ನ್ಯಾಯವೆಂದು ನನಗನ್ನಿಸುವುದಿಲ್ಲ.

ಐದು ವರ್ಷದ ನಂತರ, 2016ರಲ್ಲಿ, ಆ ಪಿಡಿಪಿ-7 ಯೂನಿಕ್ಸ್‌ನ ಹಳೆಯ ಮುದ್ರಿತ ಪುಟಗಳು ಕೆಲವು ಉತ್ಸಾಹಿಗಳ ಕೈಸೇರಿದವು. ಸಾಲುಗಳನ್ನು ಮತ್ತೆ ಟೈಪ್ ಮಾಡಿ, ಇಲ್ಲದ ಭಾಗಗಳನ್ನು ತಾವೇ ಬರೆದು, ಅವರು ಅದನ್ನು ಮತ್ತೆ ಓಡಿಸಿದರು.