ಪೆಟ್ರೋಲ್ ಕಮ್ಮಿ ಕೊಟ್ಟರೆ ಎಂಜಿನ್ ಸುಟ್ಟುಹೋಗುತ್ತಾ? ಲಿಂಡ್‌ಬರ್ಗ್ ಕಥೆಯಲ್ಲಿ ಎಷ್ಟು ನಿಜ?

ವಿಮಾನದಲ್ಲಿ ಅಟ್ಲಾಂಟಿಕ್ ಸಾಗರವನ್ನು ಮೊದಲು ದಾಟಿದ್ದು ಚಾರ್ಲ್ಸ್ ಲಿಂಡ್‌ಬರ್ಗ್. ಮುಂದೆ ಅವರೇ ಒಂದು ಲಿವರ್ ಎಳೆದು ಯುದ್ಧವಿಮಾನಗಳ ಮೈಲೇಜ್ ದುಪ್ಪಟ್ಟು ಮಾಡಿದರು. ಇಂಥ ಕಥೆ ನಿಮ್ಮ ಗ್ರೂಪಿಗೂ ಬಂದಿರಬಹುದು. ಇದರಲ್ಲಿ ಅರ್ಧ ನಿಜ ಇದೆ. ಉಳಿದರ್ಧವನ್ನು ನಾವು ಸರಿಪಡಿಸಲೇಬೇಕು, ಯಾಕೆಂದರೆ ಇದನ್ನು ನಂಬಿ ಬೈಕಿನ ಕಾರ್ಬ್ಯುರೇಟರ್ ಸ್ಕ್ರೂ ತಿರುಗಿಸಲು ಹೊರಡುವವರೂ ಇದ್ದಾರೆ.

ಮೊದಲ ತಪ್ಪು ಸುಲಭದ್ದು. 1919ರಲ್ಲೇ ಆಲ್ಕಾಕ್ ಮತ್ತು ಬ್ರೌನ್ ಎಂಬ ಇಬ್ಬರು ಎಲ್ಲೂ ಇಳಿಯದೆ ಅಟ್ಲಾಂಟಿಕ್ ದಾಟಿದ್ದರು. ಲಿಂಡ್‌ಬರ್ಗ್ ದಾಟಿದ್ದು 1927ರಲ್ಲಿ, ಆದರೆ ಒಬ್ಬರೇ. ಹಾಗೆ ಮಾಡಿದವರಲ್ಲಿ ಅವರೇ ಮೊದಲಿಗರು.

1902ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಹುಟ್ಟಿದ ಲಿಂಡ್‌ಬರ್ಗ್, ಊರೂರಿಗೆ ಹೋಗಿ ವಿಮಾನದ ಕಸರತ್ತು ತೋರಿಸಿ ಹೊಟ್ಟೆ ಹೊರೆದವರು, ಆಮೇಲೆ ಅಂಚೆ ವಿಮಾನ ಹಾರಿಸಿದವರು. 1927ರ ಮೇ 20ರ ಬೆಳಿಗ್ಗೆ ಸುಮಾರು 1,700 ಲೀಟರ್ ಪೆಟ್ರೋಲ್ ತುಂಬಿಸಿಕೊಂಡು ನ್ಯೂಯಾರ್ಕ್ ಬಿಟ್ಟರು. ರೇಡಿಯೋ ಇಲ್ಲ, ಪ್ಯಾರಾಚೂಟ್ ಇಲ್ಲ. ಎದುರಿಗೇ ದೊಡ್ಡ ಟ್ಯಾಂಕ್ ಇದ್ದುದರಿಂದ ಮುಂದಿನ ದಾರಿ ನೇರವಾಗಿ ಕಾಣುತ್ತಲೂ ಇರಲಿಲ್ಲ. ನಿದ್ದೆಗೆಟ್ಟು ಮೂವತ್ಮೂರುವರೆ ಗಂಟೆ ಹಾರಿ ಪ್ಯಾರಿಸ್‌ನಲ್ಲಿ ಇಳಿದಾಗ ಟ್ಯಾಂಕಿನಲ್ಲಿ ಇನ್ನೂ 300 ಲೀಟರ್‌ಗೂ ಹೆಚ್ಚು ಉಳಿದಿತ್ತು.

ಹೀಗೆ ಪೆಟ್ರೋಲ್ ಉಳಿಸಲು ಪೈಲಟ್ ಕೈಯಲ್ಲಿದ್ದ ಒಂದು ಉಪಾಯವೇ ನಮ್ಮ ಫಾರ್ವರ್ಡಿನ ಆ ಲಿವರ್. ಒಂದು ಕೆಜಿ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 15 ಕೆಜಿ ಗಾಳಿ ಬೇಕು. ಮೇಲೇರಿದಂತೆ ಗಾಳಿ ತೆಳುವಾಗುತ್ತದೆ. 5,500 ಮೀಟರ್ ಎತ್ತರದಲ್ಲಿ ಅದರ ಒತ್ತಡ ಸಮುದ್ರಮಟ್ಟದ ಅರ್ಧದಷ್ಟೇ. ಆದರೆ ಹಳೆಯ ಕಾರ್ಬ್ಯುರೇಟರ್ ಗಾಳಿ ಕಡಿಮೆಯಾದಷ್ಟು ಪೆಟ್ರೋಲನ್ನು ಕಡಿಮೆ ಮಾಡುವುದಿಲ್ಲ. ಪರಿಣಾಮ? ಪೆಟ್ರೋಲ್ ಹೆಚ್ಚಾಗಿ ಪವರ್ ಇಳಿಯುತ್ತದೆ, ಸ್ಪಾರ್ಕ್ ಪ್ಲಗ್‌ಗೆ ಮಸಿ ಹಿಡಿಯುತ್ತದೆ. ಅದಕ್ಕೇ ಪೈಲಟ್ ಕೈಯಾರೆ ಪೆಟ್ರೋಲ್ ತಗ್ಗಿಸಬೇಕು. ಇದಕ್ಕೆ 'ಲೀನ್' ಮಾಡುವುದು ಎನ್ನುತ್ತಾರೆ.

ಪ್ಯಾರಿಸ್ ಹಾರಾಟ ಅವರನ್ನು ಜಗತ್ಪ್ರಸಿದ್ಧರನ್ನಾಗಿಸಿತು. ಆಮೇಲಿನ ಬದುಕಿನ ಬಗ್ಗೆ ಫಾರ್ವರ್ಡ್‌ಗಳು ಬಾಯಿ ಬಿಡುವುದಿಲ್ಲ. 1932ರಲ್ಲಿ ಅವರ ಪುಟ್ಟ ಮಗನನ್ನು ಅಪಹರಿಸಿ ಕೊಂದರು. 1938ರಲ್ಲಿ ಅವರು ನಾಜಿ ಜರ್ಮನಿಯ ಪದಕ ಪಡೆದರು. 1941ರ ಭಾಷಣವೊಂದರಲ್ಲಿ, ಅಮೆರಿಕವನ್ನು ಯುದ್ಧಕ್ಕೆ ತಳ್ಳುತ್ತಿರುವವರ ಸಾಲಿನಲ್ಲಿ ಯಹೂದಿಗಳನ್ನೂ ಸೇರಿಸಿ ದೂರಿದರು. ನಮ್ಮ ಪ್ರಕಾರ ಅದಕ್ಕೆ ಸಮಜಾಯಿಷಿ ಇಲ್ಲ. ಅದೇ ವರ್ಷ ಸೇನೆಯ ಹುದ್ದೆಗೆ ರಾಜೀನಾಮೆ ಕೊಟ್ಟಿದ್ದರು. ಯುದ್ಧ ಶುರುವಾದ ಮೇಲೆ ಮರಳಿ ಬರುತ್ತೇನೆಂದರೆ ರೂಸ್‌ವೆಲ್ಟ್ ಸರ್ಕಾರ ಸೇರಿಸಿಕೊಳ್ಳಲಿಲ್ಲ.

ಹಾಗಾಗಿ 1944ರಲ್ಲಿ, 42ನೇ ವಯಸ್ಸಿನಲ್ಲಿ, ವಿಮಾನ ಕಂಪನಿಯ ಸಲಹೆಗಾರರಾಗಿ ಪೆಸಿಫಿಕ್ ರಣರಂಗಕ್ಕೆ ಹೋದರು. ನ್ಯೂಗಿನಿ ದ್ವೀಪದಲ್ಲಿ ಪಿ-38 ವಿಮಾನಗಳ ತಂಡವೊಂದರ ಜೊತೆ ಹಾರತೊಡಗಿದರು. ಒಟ್ಟಿಗೆ ಹೋಗಿ ಒಟ್ಟಿಗೆ ಬಂದರೂ ಲಿಂಡ್‌ಬರ್ಗ್ ವಿಮಾನದಲ್ಲಿ ಮಾತ್ರ ಪೆಟ್ರೋಲ್ ಜಾಸ್ತಿ ಉಳಿದಿರುತ್ತಿತ್ತು. ಯುವ ಪೈಲಟ್‌ಗಳು ಎಂಜಿನನ್ನು ಹೆಚ್ಚು ಆರ್‌ಪಿಎಂನಲ್ಲಿ, ಧಾರಾಳ ಪೆಟ್ರೋಲ್ ಕೊಟ್ಟು ಓಡಿಸುತ್ತಿದ್ದರು. ಲಿಂಡ್‌ಬರ್ಗ್ ಆರ್‌ಪಿಎಂ ಅನ್ನು 1,600ಕ್ಕೆ ಇಳಿಸಿ, ಎಂಜಿನ್‌ಗೆ ನುಗ್ಗುವ ಗಾಳಿಯ ಒತ್ತಡ ಸ್ವಲ್ಪ ಏರಿಸಿ, ಮಿಶ್ರಣವನ್ನು ಲೀನ್‌ಗೆ ಇಡುತ್ತಿದ್ದರು. ಸಪಾಟು ರಸ್ತೆಯಲ್ಲಿ ಮೂರನೇ ಗೇರಿನಲ್ಲಿ ಕಿರುಚಿಸುವ ಬದಲು ಟಾಪ್ ಗೇರಿಗೆ ಹಾಕಿದ ಹಾಗೆ. ಅಂದರೆ ಎಳೆದದ್ದು ಒಂದೇ ಲಿವರ್ ಅಲ್ಲ.

ಎಂಜಿನ್ ಸುಟ್ಟುಹೋಗುತ್ತದೆ ಎಂಬ ಭಯ ಪೈಲಟ್‌ಗಳಿಗಿತ್ತು. ಕೆಳಗೆ ಸಮುದ್ರ, ಸುತ್ತ ಶತ್ರು, ಭಯ ಸಹಜವೇ. ಆದರೆ ಹಾನಿ ಕಾಣಲಿಲ್ಲ. ಹೋಗಿ ದಾಳಿ ಮಾಡಿ ಹಿಂದಿರುಗಬಹುದಾದ ದೂರ ಸುಮಾರು 900 ಕಿಲೋಮೀಟರ್‌ನಿಂದ 1,100 ದಾಟಿತು. ದೊಡ್ಡ ಲಾಭ, ಆದರೆ ದುಪ್ಪಟ್ಟಲ್ಲ. ಜುಲೈ 28ರಂದು, ಸೈನಿಕರೇ ಅಲ್ಲದ ಲಿಂಡ್‌ಬರ್ಗ್ ಜಪಾನಿನ ವಿಮಾನವೊಂದನ್ನೂ ಹೊಡೆದುರುಳಿಸಿದರು. 1974ರಲ್ಲಿ ಹವಾಯಿಯ ಮಾವಿ ದ್ವೀಪದಲ್ಲಿ ತೀರಿಕೊಂಡರು.

ಹಾಗಾದರೆ ಪೈಲಟ್‌ಗಳ ಭಯ ಬರೀ ಮೂಢನಂಬಿಕೆಯೇ? ಅಲ್ಲ. ಸಾಧಾರಣ ವೇಗದಲ್ಲಿ ಹಾರುವಾಗ ಲೀನ್ ಮಾಡಿದರೆ ತೊಂದರೆಯಿಲ್ಲ. ಪೂರ್ತಿ ಪವರ್‌ನಲ್ಲಿ ಮಾತ್ರ ಹೆಚ್ಚುವರಿ ಪೆಟ್ರೋಲ್ ಎಂಜಿನನ್ನು ತಂಪಾಗಿಡುತ್ತದೆ. ಆಗ ಅದನ್ನು ತಗ್ಗಿಸಿದರೆ ಎಂಜಿನ್ ನಿಜಕ್ಕೂ ಹಾಳಾದೀತು. ಸೆಸ್ನಾದಂಥ ಪುಟ್ಟ ವಿಮಾನಗಳಲ್ಲಿ ಇಂದಿಗೂ ಕೆಂಪು ಗುಂಡಿಯೊಂದಿರುತ್ತದೆ. ಎತ್ತರಕ್ಕೇರಿದ ಮೇಲೆ ಅದನ್ನು ನಿಧಾನವಾಗಿ ಹೊರಗೆಳೆಯುತ್ತಾರೆ. ಎಂಜಿನ್ ತಡವರಿಸಿದರೆ ಸದ್ದು ನಯವಾಗುವಷ್ಟು ಮತ್ತೆ ಒಳಗೆ ಒತ್ತುತ್ತಾರೆ. ಕೆಳಗಿಳಿಯುವಾಗ ಪೆಟ್ರೋಲ್ ಮತ್ತೆ ಹೆಚ್ಚಿಸಲೇಬೇಕು.

ಇನ್ನು ಬೈಕಿನ ವಿಷಯ. ಫ್ಯುಯಲ್ ಇಂಜೆಕ್ಷನ್ ಇರುವ ಬೈಕು ಎತ್ತರಕ್ಕೆ ತಕ್ಕಂತೆ ಪೆಟ್ರೋಲನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಹಳೆಯ ಕಾರ್ಬ್ಯುರೇಟರ್ ಬೈಕಿನಲ್ಲಿ ಲಡಾಖ್‌ಗೆ ಹೊರಟಿದ್ದರೆ ಮೆಕ್ಯಾನಿಕ್ ಹತ್ತಿರ ಮಿಶ್ರಣ ಹೊಂದಿಸಿಕೊಳ್ಳಿ, ವಾಪಸ್ ಬಂದ ಮೇಲೆ ಮೊದಲಿನಂತೆ ಮಾಡಿಸಿ. ಊರಲ್ಲೇ ಓಡಾಡುವುದಾದರೆ ಆ ಸ್ಕ್ರೂ ಮುಟ್ಟಬೇಡಿ.